ಪಾತ್ರ ಹುಟ್ಟುವ ದಿನ ದಾಳ ಯಾರ ಕೈಯಲ್ಲಿ?

ಹೋದ ತಿಂಗಳು ಒಂದು ಭಾನುವಾರ ಬೆಂಗಳೂರಿನಲ್ಲಿ ಬೋರ್ಡ್ ಗೇಮ್ ಆಡುವ ಮೂವತ್ತು ಜನರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮಾತಿನ ಭರದಲ್ಲಿ ತಪ್ಪಿದ ಲೆಕ್ಕಗಳನ್ನು ಸರಿಮಾಡಿದ್ದೇನೆ. ಉಳಿದದ್ದು ಹಾಗೇ ಇದೆ.

ನಮಸ್ಕಾರ. ಚೌಕಾಬಾರ ಆಡಿದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ. ಸರಿ, ಹೆಚ್ಚುಕಮ್ಮಿ ಎಲ್ಲರೂ. ಈಗ ಹೇಳಿ, ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗಬಹುದಾ? ನೋಡಿ, ಈ ಕಡೆಯವರು ಹೋಗಬಹುದು ಅಂತಿದ್ದಾರೆ, ಆ ಮೂಲೆಯವರು ಸಾಧ್ಯವೇ ಇಲ್ಲ ಅಂತಿದ್ದಾರೆ. ನಮ್ಮ ಅಜ್ಜಿ ಮನೆಯಲ್ಲಿ ಕಡಿಯದೆ ಒಳಗೆ ಕಾಲಿಡುವ ಹಾಗಿಲ್ಲ. ದೊಡ್ಡಮ್ಮನ ಮನೆಯಲ್ಲಿ ಧಾರಾಳವಾಗಿ ಹೋಗಬಹುದು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೇಸಿಗೆ ರಜೆಯಲ್ಲಿ ಮಕ್ಕಳೆಲ್ಲ ಸೇರಿದಾಗ ಕವಡೆ ಕೈಗೆ ಬರುವ ಮೊದಲೇ ಅರ್ಧ ಗಂಟೆ ಜಗಳ, ಯಾರ ಮನೆ ರೂಲ್ಸು ಅಂತ. ಕೊನೆಗೆ ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದಳು: "ಯಾರ ಜಗುಲಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದಿದ್ದೀರೋ ಅವರ ರೂಲ್ಸು ಕಣ್ರೋ!"

ಇವತ್ತಿನ ವಿಷಯವೂ ಅದೇ, ಜಗುಲಿ ಮಾತ್ರ ಬೇರೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಪಾತ್ರ ಹುಟ್ಟಿಸುವಾಗ ನಾವು ಹಾಕಿಕೊಳ್ಳುವ ಮನೆ ರೂಲ್ಸು. ಕೆಲವರು ಗೆಳೆಯರ ಜೊತೆ ಸುಮ್ನೆ ಬಂದಿದ್ದೀರಿ ಅಂತ ಗೊತ್ತು, ನಿಮಗಾಗಿ ಎರಡು ಮಾತು. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತೀರಿ. ಒಬ್ಬರು ಡಿಎಂ, ಅಂದರೆ ಕಥೆ ನಡೆಸುವವರು. ಉಳಿದವರಿಗೆಲ್ಲ ಒಂದೊಂದು ಪಾತ್ರ. ಒಬ್ಬಳು ಕತ್ತಿ ಹಿಡಿದವಳು, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಹೀಗೆ. ಪ್ರತಿ ಪಾತ್ರಕ್ಕೂ ಆರು ಅಂಕಿ ಇರುತ್ತವೆ: ಸ್ಟ್ರೆಂತ್ (ಬಲ), ಡೆಕ್ಸ್ಟೆರಿಟಿ (ಚುರುಕು), ಕಾನ್‌ಸ್ಟಿಟ್ಯೂಷನ್ (ಗಟ್ಟಿತನ), ಇಂಟೆಲಿಜೆನ್ಸ್, ವಿಸ್ಡಮ್, ಕರಿಸ್ಮಾ (ವರ್ಚಸ್ಸು). 10 ಅಂದರೆ ಸಾಧಾರಣ ಮನುಷ್ಯ. 18 ಅಂದರೆ ಊರಿಗೊಬ್ಬ. ಈ ಆರು ಅಂಕಿ ಎಲ್ಲಿಂದ ಬರುತ್ತವೆ ಅನ್ನುವುದೇ ಐವತ್ತು ವರ್ಷದ ಜಗಳ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಾನು ಮೊದಲ ಸಲ ಡಿಎಂ ಆದಾಗ 2014ರ ಐದನೇ ಆವೃತ್ತಿಯ ಪುಸ್ತಕ ಹಿಡಿದುಕೊಂಡು ಕೂತಿದ್ದೆ. ನಾಲ್ಕು ದಾಳ ಹಾಕಿ, ಅತಿ ಚಿಕ್ಕದನ್ನು ಬಿಟ್ಟು ಉಳಿದ ಮೂರನ್ನು ಕೂಡಿ, ಹೀಗೆ ಆರು ಸಲ. ಒಬ್ಬಳಿಗೆ ಬಿದ್ದದ್ದು 17, 16, 15, 14, 14, 11. ಅವಳ ಪಕ್ಕದಲ್ಲೇ ಕೂತಿದ್ದವನಿಗೆ 12, 11, 10, 9, 8, 7. ಅವನಿಗೆ ಊರೂರು ಸುತ್ತುವ ಹಾಡುಗಾರ ಆಗಬೇಕಿತ್ತು, ಮಾತಿನಲ್ಲೇ ರಾಜರನ್ನು ಬೀಳಿಸುವಂಥವನು. "ಇನ್ನೊಂದು ಸಲ ಹಾಕಲಾ?" ಅಂದ. ನಾನು ಹೊಸ ಪೊಲೀಸ್ ಥರ, ಬಿದ್ದದ್ದು ಬಿದ್ದದ್ದೇ, ಕಷ್ಟದಲ್ಲೇ ಕಥೆ ಹುಟ್ಟುತ್ತೆ ಅಂತೆಲ್ಲ ಭಾಷಣ ಮಾಡಿದೆ. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಇಂಥವರಿಗಾಗಿಯೇ ಒಂದು ಸಾಲಿತ್ತು. ಅತಿ ದೊಡ್ಡ ಅಂಕಿ 13 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟನ್ನೂ ಎಸೆದು ಹೊಸದಾಗಿ ಹಾಕಬಹುದು ಅಂತ. ಆಗ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಬಿಡುತ್ತಿದ್ದೆನಾ, ಅನುಮಾನ.

ಎಂಟು ತಿಂಗಳು ಆಡಿದೆವು. ಅವಳ ಪಾತ್ರ ಬಾಗಿಲು ಒಡೆಯುತ್ತಿತ್ತು, ಗೋಡೆ ಹತ್ತುತ್ತಿತ್ತು, ಮಾತಲ್ಲೂ ಗೆಲ್ಲುತ್ತಿತ್ತು. ಹಾಡುಗಾರ ಬಾಯಿ ತೆರೆದರೆ ಪಕ್ಕದ ಬಾಗಿಲು ಒಡೆಯುವವಳೇ ಅವನಿಗಿಂತ ಚೆನ್ನಾಗಿ ಮಾತಾಡುತ್ತಿದ್ದಳು! ಆರನೇ ತಿಂಗಳಲ್ಲಿ ಅವನು ಬೇಕಂತಲೇ ತನ್ನ ಪಾತ್ರವನ್ನು ಓಗರ್ ಅನ್ನುವ ಒಂದು ದೈತ್ಯನ ಎದುರು ಓಡಿಸಿದ. ಸತ್ತರೆ ಹೊಸದು ಮಾಡಿಕೊಳ್ಳಬಹುದು ಅಂತ. ಆ ಹಾಳು ಓಗರ್‌ಗೆ ಮೂರು ಸಲ ದಾಳ ಹಾಕಿದೆ, ಮೂರು ಸಲವೂ ಗುರಿ ತಪ್ಪಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ, ಆದರೆ ಎರಡು ವಾರ ಆದಮೇಲೆ ಬರುವುದನ್ನು ನಿಲ್ಲಿಸಿದ.

ನಾನು ಇವತ್ತು ಹೇಳಬೇಕಂತ ಬಂದದ್ದು ಇಷ್ಟೇ. ಆಟದ ಮಧ್ಯೆ ದಾಳ ಕೈಕೊಟ್ಟರೆ ಆ ನೋವು ಒಂದು ನಿಮಿಷದ್ದು. ಬಾಣ ಗುರಿ ತಪ್ಪಿತು, ಮುಂದಿನ ಸರದಿಯಲ್ಲಿ ಮತ್ತೆ ಬಿಡುತ್ತೀರಿ. ಪಾತ್ರ ಹುಟ್ಟುವ ದಿನ ದಾಳ ಕೈಕೊಟ್ಟರೆ ಅದು ಪ್ರತಿ ಭಾನುವಾರ, ಪ್ರತಿ ಸಲ ದಾಳ ಎತ್ತಿದಾಗಲೂ ಜೊತೆಗೇ ಬರುತ್ತದೆ. ಅದಕ್ಕೇ ಪಾತ್ರ ಹುಟ್ಟಿಸುವ ಮನೆ ರೂಲ್ಸಿನಲ್ಲಿ ಕೇಳಬೇಕಾದ ಪ್ರಶ್ನೆ "ಪಾತ್ರ ಎಷ್ಟು ಗಟ್ಟಿ ಇರಬೇಕು" ಅನ್ನುವುದಲ್ಲ. ಆವತ್ತಿನ ಅದೃಷ್ಟವನ್ನು ಯಾರು ಹೊರಬೇಕು, ಎಷ್ಟು ದಿನ ಹೊರಬೇಕು ಅನ್ನುವುದು.

ಹಿಂದಿನವರು ಏನು ಮಾಡಿದ್ದರು ನೋಡೋಣ, ಇದು ನಿಜಕ್ಕೂ ಸೊಗಸಾಗಿದೆ. ಈ ಆಟ 1974ರಲ್ಲಿ ಬಂತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನುವ ಊರಿನ ಗ್ಯಾರಿ ಗೈಗ್ಯಾಕ್ಸ್, ಮಿನ್ನೆಸೋಟದ ಡೇವ್ ಆರ್ನೆಸನ್, ಇವರಿಬ್ಬರ ಹೆಸರಿನಲ್ಲಿ. ಮೂರು ಚಿಕ್ಕ ಪುಸ್ತಕ, ಒಂದು ಡಬ್ಬಿ. ಅಲ್ಲಿ ರೂಲು ತುಂಬಾ ಕಟ್ಟುನಿಟ್ಟು. ಮೂರು ದಾಳ, ಆರು ಸಲ, ಬಿದ್ದ ಕ್ರಮದಲ್ಲೇ ಬರೆದುಕೊಳ್ಳಬೇಕು. ಮೊದಲು ಬಿದ್ದದ್ದು ಸ್ಟ್ರೆಂತ್, ಮುಗೀತು. ಅಷ್ಟೇ ಅಲ್ಲ, ಪುಸ್ತಕದ ಪ್ರಕಾರ ದಾಳ ಹಾಕುವವನು ರೆಫರಿ, ಅಂದರೆ ಡಿಎಂ, ನೀವಲ್ಲ!

ಮೂರು ದಾಳದ ಗುಣ ನಿಮಗೆ ಗೊತ್ತಿದೆ, ಚೌಕಾಬಾರದ ಕವಡೆ ಥರವೇ. ನಾಲ್ಕು ಕವಡೆ ಹಾಕಿದರೆ ಎರಡು ಬೀಳುವುದು ಜಾಸ್ತಿ, ಎಂಟು ಬೀಳುವುದು ಅಪರೂಪ. ಅದಕ್ಕೇ ತಾನೆ ಎಂಟು ಬಿದ್ದಾಗ ಆ ಪರಿ ಕೂಗಾಡೋದು. ಇಲ್ಲೂ ಹಾಗೇ. ಮೂರು ದಾಳ 216 ರೀತಿಯಲ್ಲಿ ಬೀಳಬಹುದು. ಅದರಲ್ಲಿ 10 ಬರುವುದು 27 ರೀತಿಯಲ್ಲಿ, 11 ಕೂಡ 27 ರೀತಿಯಲ್ಲಿ. 18 ಬರುವುದು ಒಂದೇ ಒಂದು ರೀತಿಯಲ್ಲಿ. ಅಂದರೆ ಬಹಳ ಜನಕ್ಕೆ ಸಿಗುವುದು ನಮ್ಮ ನಿಮ್ಮಂಥ ಪಾತ್ರ. ಬಸ್ಸಿಗೆ ಓಡಿದರೆ ಏದುಸಿರು ಬಿಡುವಂಥದ್ದು.

ಹಾಗಾದರೆ ಆಗಿನವರು ಅದನ್ನು ಹೇಗೆ ಸಹಿಸಿಕೊಂಡರು? ಕಾರಣ ಸರಳ. ಆ ಮೂರು ಪುಸ್ತಕಗಳಲ್ಲಿ ಈ ಅಂಕಿಗಳಿಗೆ ಅಷ್ಟು ಬೆಲೆಯೇ ಇರಲಿಲ್ಲ. ಸ್ಟ್ರೆಂತ್ 18 ಇದ್ದರೂ ಕತ್ತಿಯ ಏಟು ಜೋರಾಗುತ್ತಿರಲಿಲ್ಲ, ಯೋಧನಾದರೆ ಅನುಭವದ ಅಂಕ ಸ್ವಲ್ಪ ಬೇಗ ಸೇರುತ್ತಿತ್ತು ಅಷ್ಟೇ. ಪಾತ್ರಗಳೂ ನೊಣದ ಹಾಗೆ ಸಾಯುತ್ತಿದ್ದವು. ಸತ್ತರೆ ಐದು ನಿಮಿಷದಲ್ಲಿ ಇನ್ನೊಂದು. ಕೆಟ್ಟ ಅದೃಷ್ಟವೂ ಜಾಸ್ತಿ ದಿನ ಬಾಳುತ್ತಿರಲಿಲ್ಲ. ಮುಂದಿನ ವರ್ಷ, 1975ರಲ್ಲಿ, ಗ್ರೇಹಾಕ್ ಅನ್ನುವ ಪೂರಕ ಪುಸ್ತಕ ಬಂತು. ಸ್ಟ್ರೆಂತ್ ಜಾಸ್ತಿ ಇದ್ದವನ ಏಟಿಗೆ ಬಲ ಬಂತು. ಅಂಕಿಗೆ ಬೆಲೆ ಬಂದ ತಕ್ಷಣ ಅಂಕಿಯ ಆಸೆಯೂ ಬಂತು, ಸಹಜ ಅಲ್ವಾ.

1978ರ ಆಟಗಾರರ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಅವರೇ, ಪಾತ್ರ ಉಳಿಯಬೇಕಾದರೆ ಕನಿಷ್ಠ ಎರಡು ಅಂಕಿಯಾದರೂ 15 ಅಥವಾ ಮೇಲಿರಬೇಕು ಎಂಬರ್ಥದ ಮಾತು ಬರೆದರು. ಮೂರು ದಾಳದಲ್ಲಿ ಅದು ಎಲ್ಲಿಂದ ಬರಬೇಕು? 1979ರ ಡಿಎಂ ಪುಸ್ತಕದಲ್ಲಿ ನಾಲ್ಕು ವಿಧಾನ ಕೊಟ್ಟರು. ಮೊದಲನೆಯದೇ ನಾವು ಈಗಲೂ ಆಡುವ "ನಾಲ್ಕು ಹಾಕು, ಚಿಕ್ಕದನ್ನು ಬಿಡು". ಇದರಲ್ಲಿ 18 ಬೀಳುವ ಸಾಧ್ಯತೆ 216ಕ್ಕೆ ಒಂದರಿಂದ ಸುಮಾರು 62ಕ್ಕೆ ಒಂದಕ್ಕೆ ಏರುತ್ತದೆ, ಸರಾಸರಿ 10.5ರಿಂದ ಸುಮಾರು 12.2ಕ್ಕೆ ಏರುತ್ತದೆ. 1985ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಂತೂ ಮನುಷ್ಯ ಯೋಧನ ಸ್ಟ್ರೆಂತ್‌ಗೆ ಒಂಬತ್ತು ದಾಳ ಹಾಕಿ ಮೂರನ್ನು ಇಟ್ಟುಕೊಳ್ಳಿ ಅಂದರು. ಒಂಬತ್ತು! ಅಷ್ಟೊತ್ತಿಗೆ ದಾಳ ಹಾಕುವ ನಾಟಕ ಯಾಕೆ, ನೇರವಾಗಿ 17 ಅಂತ ಬರೆದುಕೊಳ್ಳಬಹುದಿತ್ತು.

ಈ ಕಡೆ ದಾಳವೇ ಬೇಡ ಅಂದವರೂ ಇದ್ದರು. 1981ರ ಚಾಂಪಿಯನ್ಸ್, 1986ರ ಗರ್ಪ್ಸ್ ಆಟಗಳಲ್ಲಿ ಎಲ್ಲರಿಗೂ ಒಂದೇ ಗಂಟು. ಸಂತೆಗೆ ಹೋದ ಹಾಗೆ, ಬೇಕಾದ್ದನ್ನು ಚೌಕಾಸಿ ಇಲ್ಲದೆ ಕೊಳ್ಳಿ. ಇದೇ ಪಾಯಿಂಟ್ ಬೈ. ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿಯಲ್ಲಿ 27 ಪಾಯಿಂಟ್ ಕೊಡುತ್ತಾರೆ. 8ರಿಂದ ಶುರು. 13ರವರೆಗೆ ಒಂದೊಂದು ಮೆಟ್ಟಿಲಿಗೆ ಒಂದು ಪಾಯಿಂಟ್, 14ಕ್ಕೂ 15ಕ್ಕೂ ಎರಡೆರಡು. ಲೆಕ್ಕವೂ ಬೇಡ ಅಂದರೆ 15, 14, 13, 12, 10, 8 ಅಂತ ಸಿದ್ಧ ಅಂಕಿಗಳಿವೆ, ತಗೊಂಡು ಜೋಡಿಸಿಕೊಳ್ಳಿ.

ನ್ಯಾಯ ಅಂದರೆ ಇದೇ ನ್ಯಾಯ. ಹಾಡುಗಾರ ಹೋದ ಮೇಲೆ ನಾನೂ ಎರಡು ವರ್ಷ ಪಾಯಿಂಟ್ ಬೈ ಬಿಟ್ಟು ಬೇರೆ ಮುಟ್ಟಲಿಲ್ಲ. ಯಾರೂ ಜಗಳ ಆಡಲಿಲ್ಲ, ಯಾರೂ ಕೂಗಲೂ ಇಲ್ಲ. ಎಲ್ಲರೂ ಮನೆಯಲ್ಲೇ ಪಾತ್ರ ಮಾಡಿಕೊಂಡು ಬರುತ್ತಿದ್ದರು, ತೆರಿಗೆ ಫಾರ್ಮ್ ತುಂಬಿದ ಹಾಗೆ. ಮಂತ್ರವಾದಿ ಬಂದರೆ ಇಂಟೆಲಿಜೆನ್ಸ್ 15, ಸ್ಟ್ರೆಂತ್ 8. ಮುಂದಿನ ಕಥೆಯ ಮಂತ್ರವಾದಿಯೂ 15, 8. ಆಟ ಶುರುವಾಗುವ ದಿನ ದಾಳದ ಸದ್ದೇ ಇಲ್ಲ. ಗರ ಬೀಳದ ಆಟ ಒಂದು ಆಟವಾ?

ಹಾಗಾಗಿ ಈಗ ನಮ್ಮ ಟೇಬಲ್ಲಿನ ರೂಲು. ಇದನ್ನು ನಾನು ಕಂಡುಹಿಡಿದದ್ದಲ್ಲ, ಹಲವು ಕಡೆ ಆಡುತ್ತಾರೆ. ಒಂದು ದೊಡ್ಡ ಹಾಳೆಯಲ್ಲಿ ಆರಕ್ಕೆ ಆರು ಮನೆ ಬರೆಯುತ್ತೇವೆ. ಒಟ್ಟು 36 ಮನೆ. ಎಲ್ಲರೂ ಸರದಿಯಂತೆ ನಾಲ್ಕು ದಾಳ ಹಾಕಿ, ಚಿಕ್ಕದನ್ನು ಬಿಟ್ಟು, ಒಂದೊಂದೇ ಮನೆ ತುಂಬುತ್ತಾರೆ. ಡಿಎಂ ಕೂಡ ಹಾಕಬೇಕು. ತುಂಬಿದ ಮೇಲೆ ಯಾರು ಬೇಕಾದರೂ ಯಾವ ಸಾಲನ್ನು ಬೇಕಾದರೂ ಆರಿಸಬಹುದು, ಅಡ್ಡ ಆರು, ಉದ್ದ ಆರು, ಮೂಲೆಯಿಂದ ಮೂಲೆಗೆ ಎರಡು. ಇಬ್ಬರು ಒಂದೇ ಸಾಲು ತಗೊಂಡರೂ ಅಡ್ಡಿಯಿಲ್ಲ. ಆರಿಸಿದ ಆರು ಅಂಕಿಯನ್ನು ಇಷ್ಟ ಬಂದ ಕಡೆ ಇಡಬಹುದು.

ಇದರಲ್ಲಿ ಏನಾಯಿತು ನೋಡಿ. ಒಬ್ಬ 5 ಹಾಕಿದರೆ ಅದು ಅವನ 5 ಅಲ್ಲ, ಹಾಳೆಯ 5. ಎಲ್ಲರೂ ಅವನನ್ನು ಬೈಯಬಹುದು, ನಗಬಹುದು, ಆದರೆ ಅದನ್ನು ಅವನೊಬ್ಬನೇ ಹೊತ್ತು ತಿರುಗಬೇಕಿಲ್ಲ. ಹಾಗೇ ಒಬ್ಬಳು 18 ಹಾಕಿದರೆ ಅದೂ ಎಲ್ಲರ 18. ಅವಳು ಹಾಕಿದಾಗ ಎದುರಿಗಿದ್ದವನು ಎದ್ದು ಕುಣಿಯುತ್ತಾನೆ. ಬೇರೆಯವರ ದಾಳಕ್ಕೆ ನೀವು ಕುಣಿದದ್ದು ಯಾವಾಗ ಹೇಳಿ?

ಇನ್ನೊಂದು ವಿಚಿತ್ರ ನಾನು ನಿರೀಕ್ಷೆ ಮಾಡಿರಲಿಲ್ಲ. ಹೋದ ಸಲ ಒಂದು ಉದ್ದ ಸಾಲಿನಲ್ಲಿ 17, 16, 14 ಇತ್ತು, ಅದೇ ಸಾಲಿನ ಕೆಳಗೆ ಒಂದು 5. ನಾಲ್ಕು ಜನರಲ್ಲಿ ಇಬ್ಬರು ಅದನ್ನೇ ಹಿಡಿದರು. ಒಬ್ಬಾಕೆ ಆ 5 ಅನ್ನು ಕರಿಸ್ಮಾಗೆ ಇಟ್ಟಳು. ಅವಳ ಯೋಧೆ ಮಾತು ಶುರು ಮಾಡಿದರೆ ಸಾಕು, ಅಂಗಡಿಯವನು ಬೆಲೆ ಏರಿಸುತ್ತಾನೆ. ಮದುವೆ ಮನೆಗೆ ಹೋಗಿ "ಹುಡುಗ ಸ್ವಲ್ಪ ಸಪ್ಪೆ" ಅಂದುಬಿಟ್ಟಳು, ಅದರಿಂದ ಮೂರು ವಾರದ ಕಥೆ ಬೆಳೆಯಿತು. ಅದೇ 5 ಅನ್ನು ನಾನು ಹೇರಿದ್ದರೆ ಅವಳು ಓಗರ್ ಹುಡುಕಿಕೊಂಡು ಹೋಗುತ್ತಿದ್ದಳು. ಕೊರತೆಯಿಂದ ಕಥೆ ಹುಟ್ಟುತ್ತೆ ಅಂತ ನಾನು ಆವತ್ತು ಮಾಡಿದ ಭಾಷಣ ಸುಳ್ಳಲ್ಲ, ಆದರೆ ಆ ಕೊರತೆಯನ್ನು ಆಟಗಾರ ತಾನೇ ಕೈಯಾರೆ ಎತ್ತಿಕೊಂಡಿರಬೇಕು.

ನಿಜ, 14 ಸಾಲಿನಲ್ಲಿ ಒಳ್ಳೆಯದನ್ನು ಆರಿಸುವುದರಿಂದ ಪಾತ್ರಗಳು ಪುಸ್ತಕದ ಲೆಕ್ಕಕ್ಕಿಂತ ಸ್ವಲ್ಪ ಗಟ್ಟಿಯಾಗುತ್ತವೆ. ಅದಕ್ಕೆ ನಾನು ಮಾಡುವುದಿಷ್ಟೇ, ಎದುರಿಗೆ ಇನ್ನೊಂದು ಗಾಬ್ಲಿನ್, ಅಂದರೆ ಪುಟ್ಟ ರಾಕ್ಷಸ, ಸೇರಿಸುತ್ತೇನೆ.

ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವದ ಅಂಕಿ, ಅದರ ವಿಷಯ ಬೇಗ ಮುಗಿಸುತ್ತೇನೆ. ಐದನೇ ಆವೃತ್ತಿಯಲ್ಲಿ ಮೊದಲ ಲೆವೆಲ್ಲಿನ ಮಂತ್ರವಾದಿಗೆ, ಕಾನ್‌ಸ್ಟಿಟ್ಯೂಷನ್ 10 ಇದ್ದರೆ, ಜೀವ 6. 2014ರ ಪುಸ್ತಕದ ಗಾಬ್ಲಿನ್ ಒಂದು ಏಟಿಗೆ ಒಂದು ದಾಳ ಮತ್ತು 2 ಸೇರಿಸಿ ಹೊಡೆಯುತ್ತದೆ. ದಾಳದಲ್ಲಿ 4, 5, 6 ಬಿದ್ದರೆ ಮಂತ್ರವಾದಿ ನೆಲಕ್ಕೆ. ತಗುಲಿದ ಏಟುಗಳಲ್ಲಿ ಅರ್ಧ! ಮೂರು ಗಂಟೆ ಕೂತು ಹೆಸರು, ಊರು, ಅಮ್ಮನ ಹೆಸರು ಎಲ್ಲ ಬರೆದು ಮೊದಲ ಹತ್ತು ನಿಮಿಷದಲ್ಲಿ ಮಣ್ಣಾಗುವುದು. ನಾವು ಮೂರನೇ ಲೆವೆಲ್ಲಿನಿಂದ ಶುರು ಮಾಡುತ್ತೇವೆ. ಹೊಸಬರು ಜಾಸ್ತಿ ಇದ್ದರೆ ಒಂದರಿಂದ, ಯಾಕೆಂದರೆ ಅವರಿಗೆ ಕಲಿಯುವುದು ಕಡಿಮೆ ಇರಬೇಕು. ಆಗ ಎಲ್ಲರಿಗೂ ಐದು ಹಿಟ್ ಪಾಯಿಂಟ್ ಉಚಿತ. ಲೆವೆಲ್ ಏರಿದಾಗ ದಾಳ ಹಾಕಿ, ಪುಸ್ತಕದ ಸರಾಸರಿಗಿಂತ ಕಮ್ಮಿ ಬಿದ್ದರೆ ಸರಾಸರಿ ತಗೊಳ್ಳಿ. ದಾಳದ ಖುಷಿ ಇರಲಿ, ಶಿಕ್ಷೆ ಬೇಡ.

ಮನೆ ರೂಲ್ಸು ಅಂದರೆ ಮೋಸ ಅನ್ನುವವರಿಗೆ ಒಂದು ಮಾತು. ಪುಸ್ತಕವೂ ನಿಂತ ಕಡೆ ನಿಂತಿಲ್ಲ. 1978ರ ಪುಸ್ತಕದಲ್ಲಿ ಹೆಣ್ಣು ಪಾತ್ರಗಳ ಸ್ಟ್ರೆಂತ್‌ಗೆ ಗಂಡಿಗಿಂತ ಕಡಿಮೆ ಮಿತಿ ಇತ್ತು. 1989ರ ಎರಡನೇ ಆವೃತ್ತಿಯಲ್ಲಿ ಅದು ಹೋಯಿತು. ಡ್ವಾರ್ಫ್, ಎಲ್ಫ್ ಥರದ ಮನುಷ್ಯರಲ್ಲದ ಪಾತ್ರಗಳು ಇಷ್ಟು ಲೆವೆಲ್ ಆದಮೇಲೆ ಮುಂದೆ ಹೋಗುವಂತಿಲ್ಲ ಅನ್ನುವುದು 2000ದಲ್ಲಿ ಹೋಯಿತು. ಮೊದಲ ಲೆವೆಲ್ಲಿನಲ್ಲೇ ಎಲ್ಲರಿಗೂ ಒಂದು ಫೀಟ್, ಅಂದರೆ ವಿಶೇಷ ಸಾಮರ್ಥ್ಯ, ಉಚಿತ ಕೊಡುವುದು ಎಷ್ಟೋ ಟೇಬಲ್‌ಗಳ ಮನೆ ರೂಲಾಗಿತ್ತು. 2024ರ ಪುಸ್ತಕದಲ್ಲಿ ಅದೇ ಅಸಲಿ ರೂಲು, ಪಾತ್ರದ ಹಿನ್ನೆಲೆಯ ಜೊತೆ ಬರುತ್ತದೆ. ದೊಡ್ಡಮ್ಮನ ಮನೆ ರೂಲ್ಸು ಅಚ್ಚಾದ ಹಾಗೆ.

ಅಂಕಿ ಮುಗೀತು. ಈಗ ಅಂಕಿ ಅಲ್ಲದ ರೂಲ್ಸು, ಇವು ನನಗೆ ಜಾಸ್ತಿ ಇಷ್ಟ. ಪಾತ್ರವನ್ನು ಯಾರೂ ಮನೆಯಲ್ಲಿ ಮಾಡಿಕೊಂಡು ಬರುವಂತಿಲ್ಲ, ಎಲ್ಲರೂ ಒಟ್ಟಿಗೆ ಕೂತೇ ಮಾಡಬೇಕು. ಸೆಷನ್ ಝೀರೋ ಅಂತಾರಲ್ಲ, ಅದು. ಹಿಂದಿನ ಕಥೆ ಐದು ಸಾಲು ಮೀರಬಾರದು. ಒಬ್ಬ ಗೆಳೆಯ ಹನ್ನೊಂದು ಪುಟ ಬರೆದುಕೊಂಡು ಬಂದಿದ್ದ, ವಂಶವೃಕ್ಷ ಸಮೇತ. ಎಲ್ಲ ಘನಕಾರ್ಯವನ್ನೂ ಪಾತ್ರ ಆಗಲೇ ಮಾಡಿ ಮುಗಿಸಿತ್ತು, ನಮಗೆ ಆಡಲು ಏನೂ ಉಳಿದಿರಲಿಲ್ಲ. ಆಮೇಲೆ, ನಿಮ್ಮ ಬಲಗಡೆ ಕೂತವರ ಪಾತ್ರಕ್ಕೂ ನಿಮ್ಮ ಪಾತ್ರಕ್ಕೂ ಏನಾದರೂ ನಂಟು ಇರಲೇಬೇಕು. ಸಾಲ ಆದರೂ ಸರಿ. ಸಾಲ ಎಲ್ಲಕ್ಕಿಂತ ಒಳ್ಳೆಯದು, ಕೊಟ್ಟವನು ಯಾವತ್ತೂ ಬಿಟ್ಟುಹೋಗುವುದಿಲ್ಲ. "ನನ್ನದು ಒಂಟಿ ತೋಳ, ಯಾರ ಜೊತೆಗೂ ಸೇರಲ್ಲ" ಅನ್ನುವ ಪಾತ್ರಕ್ಕೆ ನಮ್ಮಲ್ಲಿ ಜಾಗವಿಲ್ಲ. ಸೇರಲ್ಲ ಅಂದರೆ ನೀನ್ಯಾಕಪ್ಪ ಇಲ್ಲಿ ಬಂದೆ?

ಪಾತ್ರದ ಹಾಳೆ ನಮ್ಮಲ್ಲಿ ಕನ್ನಡದಲ್ಲಿದೆ. 2023ರ ಜನವರಿಯಲ್ಲಿ ಐದನೇ ಆವೃತ್ತಿಯ ಮೂಲ ರೂಲುಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು, ಹಾಗಾಗಿ ಅನುವಾದಕ್ಕೂ ಅಡ್ಡಿಯಿಲ್ಲ. ಸ್ಟ್ರೆಂತ್ ಬಲ, ಡೆಕ್ಸ್ಟೆರಿಟಿ ಚುರುಕು, ಕಾನ್‌ಸ್ಟಿಟ್ಯೂಷನ್ ಗಟ್ಟಿತನ, ಕರಿಸ್ಮಾ ವರ್ಚಸ್ಸು. ಸಿಕ್ಕಿಹಾಕಿಕೊಂಡದ್ದು ಇಂಟೆಲಿಜೆನ್ಸ್, ವಿಸ್ಡಮ್ ಹತ್ತಿರ. ಮೊದಲು ಬುದ್ಧಿ, ವಿವೇಕ ಅಂತ ಬರೆದಿದ್ದೆ. ನನ್ನ ಅಕ್ಕನ ಮಗಳು ಹಾಳೆ ನೋಡಿ, "ಮಾಮಾ, ಅಮ್ಮ ನಂಗೆ ಬುದ್ಧಿ ಇಲ್ವಾ ಅಂತ ಬೈಯೋದು ಲೆಕ್ಕ ತಪ್ಪಿದ್ದಕ್ಕಲ್ಲ, ಮಳೇಲಿ ನೆಂದಿದ್ದಕ್ಕೆ" ಅಂದಳು. ಹೌದಲ್ವಾ! ನಮ್ಮಲ್ಲಿ ಬುದ್ಧಿ ಅಂದರೆ ವಿಸ್ಡಮ್. ಇಂಟೆಲಿಜೆನ್ಸ್ ಅಂದರೆ ವಿದ್ಯೆ. "ವಿದ್ಯೆ ಇದೆ, ಬುದ್ಧಿ ಇಲ್ಲ" ಅಂತ ದೊಡ್ಡವರು ಹೇಳುವುದು ಇಂಟೆಲಿಜೆನ್ಸ್ 17, ವಿಸ್ಡಮ್ 7 ಇರುವ ಮಂತ್ರವಾದಿಗೇ. ಹೆಸರು ಬದಲಾಯಿಸಿದ ಮೇಲೆ ಹೊಸಬರಿಗೆ ವ್ಯತ್ಯಾಸ ವಿವರಿಸುವ ಕೆಲಸವೇ ತಪ್ಪಿತು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎಂಬತ್ತರ ದಶಕದಿಂದ ಆಡುತ್ತಿರುವ ಹಿರಿಯರೊಬ್ಬರು ಎದ್ದು, "ಮೂರು ದಾಳ, ಬಿದ್ದ ಕ್ರಮ, ಅದರ ರುಚಿ ನಿಮಗೆ ಗೊತ್ತಿಲ್ಲ" ಅಂದರು. ನಾನು ಯೋಧ ಆಗಬೇಕು ಅಂತ ಕೂತರೆ ದಾಳ ನನ್ನನ್ನು ಪೂಜಾರಿ ಮಾಡುತ್ತಿತ್ತು, ನಾನು ಯೋಚಿಸದೇ ಇದ್ದ ಪಾತ್ರ ಸಿಗುತ್ತಿತ್ತು ಅಂತ. ಸರ್, ಪೂರ್ತಿ ಒಪ್ಪುತ್ತೇನೆ ಅಂದೆ. ಒಂದೇ ಸಂಜೆ ಮುಗಿಯುವ ಕಥೆಗೆ ನಾನೂ ಹಾಗೇ ಮಾಡುತ್ತೇನೆ. ರಾತ್ರಿ ಹತ್ತಕ್ಕೆ ಮುಗಿಯುವ ಅದೃಷ್ಟ ಎಂಥದ್ದಾದರೂ ನಡೆಯುತ್ತದೆ. 1977ರ ಟ್ರಾವೆಲರ್ ಅನ್ನುವ ಆಟದಲ್ಲಂತೂ ಪಾತ್ರ ಹುಟ್ಟಿಸುವಾಗಲೇ ಸತ್ತುಹೋಗಬಹುದಿತ್ತು, ಆಟ ಶುರುವಾಗುವ ಮೊದಲೇ. ಅಲ್ಲಿ ಹುಟ್ಟಿಸುವುದೇ ಒಂದು ಜೂಜು, ಸತ್ತರೆ ಇನ್ನೊಂದು ಸಲ. ಅದು ತಮಾಷೆ. ಬದುಕಿ ನರಳುವುದು ತಮಾಷೆ ಅಲ್ಲ.

ಹಿಂದಿನ ಸಾಲಿನ ಹುಡುಗಿ ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆ. "ನಮ್ಮ ಡಿಎಂ ಇದನ್ನೆಲ್ಲ ಕೇಳಲ್ಲ, ಏನು ಮಾಡಲಿ?" ದಾಳ ಎತ್ತುವ ಮೊದಲು ಕೇಳಿ ಅಂದೆ. ಬಿದ್ದ ಮೇಲೆ ಕೇಳಿದರೆ ಅದು ಬೇಡಿಕೊಂಡ ಹಾಗೆ ಕಾಣುತ್ತದೆ. ಡಿಎಂ ಕೂಡ ಆಮೇಲೆ ಕೊಟ್ಟರೆ ಒಬ್ಬರಿಗೆ ರಿಯಾಯಿತಿ ಕೊಟ್ಟ ಹಾಗಾಗುತ್ತದೆ, ಪಕ್ಕದವರ ಮುಖ ಚಿಕ್ಕದಾಗುತ್ತದೆ. ಮೊದಲೇ ಕೇಳಿದರೆ ಎಲ್ಲರ ಪರವಾಗಿ ಕೇಳಿದ ಹಾಗೆ. ಆಗಲೂ ಒಪ್ಪದಿದ್ದರೆ? ಆಗ ಅಜ್ಜಿಯ ತೀರ್ಪೇ, ಜಗುಲಿ ಅವರದ್ದು. ನಿಮ್ಮ ಜಗುಲಿಯಲ್ಲಿ ಆಡುವ ದಿನ ನಿಮ್ಮ ರೂಲು ಹಾಕಿ.

"ನಿಮ್ಮ ಹಾಡುಗಾರ ಆಮೇಲೆ ಬಂದರಾ?" ಅಂತ ಒಬ್ಬರು ಕೇಳಿದರು. ಬಂದ, ಎರಡು ವರ್ಷ ಆದಮೇಲೆ. ಈ ಸಲ ಹಾಳೆಯಲ್ಲಿ ಅವನ ಪಾಲಿಗೆ ಬಂದ ಮನೆಗಳಲ್ಲಿ ಮತ್ತೆ 7, 8, 9. ಆ ಕೈಗೆ ಏನೋ ಆಗಿದೆ. ಆದರೆ ಬೇರೆಯವರು ಹಾಕಿದ 16 ಇದ್ದ ಸಾಲು ಹಿಡಿದು ಹಾಡುಗಾರನೇ ಆದ.

ಅಷ್ಟರಲ್ಲಿ ಕಾಫಿ ಬಂತು. ಲೋಟ ಹಿಡಿದು ತಿರುಗಿ ನೋಡಿದರೆ, ಆ ಹುಡುಗಿ ಮತ್ತು ಇನ್ನಿಬ್ಬರು ಕಾರ್ಯಕ್ರಮದ ಪತ್ರಿಕೆಯ ಹಿಂಬದಿಯಲ್ಲಿ ಆರಕ್ಕೆ ಆರು ಮನೆ ಬರೆಯುತ್ತಿದ್ದರು. ಹಿರಿಯರು ಜೇಬಿನಿಂದ ತಮ್ಮ ಹಳೆಯ ದಾಳ ತೆಗೆದು ಮೊದಲ ಮನೆಗೆ ಹಾಕಿದರು. ಒಂದು, ಒಂದು, ಎರಡು, ಎರಡು.